ಭೂಮಿಯ ಹಣವೂ ಗಣಿಯ ಪಾಲೂ

ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತದಲ್ಲಿ ಮುಳುಗಡೆಯಾಗತಕ್ಕ ಭೂಮಿಗೆ, ನೀರಾವರಿಯದಾದರೆ ಎಕರೆಗೆ 40 ಲಕ್ಷ ರೂಪಾಯಿಗಳನ್ನೂ ಒಣ ಬೇಸಾಯದ್ದಾದರೆ 30 ಲಕ್ಷ ರೂಪಾಯಿಗಳನ್ನೂ ಕೊಡತಕ್ಕದ್ದೆಂದು ರಾಜ್ಯದ ಮಂತ್ರಿಮಂಡಲವು 2025ರ ಸೆಪ್ಟೆಂಬರದಲ್ಲಿ ನಿರ್ಣಯಿಸಿತು. ವಿಜಾಪುರ ಬಾಗಲಕೋಟೆ ಸೀಮೆಯ ರೈತನ ಕೈಗೆ ಇಷ್ಟು ದೊಡ್ಡ ಮೊತ್ತವು ಒಂದೇ ಗಂಟಾಗಿ ಬರುವ ಪ್ರಸಂಗವು ಹಿಂದೆಂದೂ ಇದ್ದಿಲ್ಲ. ಹೊಲವನ್ನು ಕೊಟ್ಟು ಹಣವನ್ನು ಪಡೆದವನು ಆ ಹಣವನ್ನು ಎಲ್ಲಿ ಇಡಬೇಕೆಂಬುದು ಇನ್ನು ಮುಂದೆ ಅವನೊಬ್ಬನ ಮನೆಯ ಮಾತಾಗಿ ಉಳಿಯುವಂತಿಲ್ಲ; ಅದು ಇಡೀ ಜಿಲ್ಲೆಯ ಯೋಗಕ್ಷೇಮದ ಪ್ರಶ್ನೆಯಾಗಿರುತ್ತದೆ. ಇದೇ ವೇಳೆಗೆ ದೇಶದಲ್ಲಿ ಪಾಲುಗಳ ವ್ಯವಹಾರಕ್ಕಾಗಿ ತೆರೆದ ಖಾತೆಗಳ ಸಂಖ್ಯೆಯು 2025ರಲ್ಲಿ 20 ಕೋಟಿಯನ್ನು ದಾಟಿತು. ಮೊಬೈಲಿನ ಗುಂಪುಗಳಲ್ಲಿ ದಿನ ಬೆಳಗಾದರೆ ಒಂದೇ ರಾಗವು ಕೇಳಿಬರುತ್ತದೆ: ಚೀನವು ಖನಿಜವನ್ನು ತಡೆದಿದೆ, ಯುದ್ಧವು ಎಣ್ಣೆಯ ದಾರಿಯನ್ನು ಕಟ್ಟಲಿದೆ, ಆದುದರಿಂದ ಇಂಥ ಚಿಕ್ಕ ಗಣಿ ಕಂಪನಿಯ ಪಾಲನ್ನೋ ಅಂಥ ಚಿಕ್ಕ ವಿದ್ಯುತ್ ಕಂಪನಿಯ ಪಾಲನ್ನೋ ಈಗಲೇ ಕೊಂಡವನು ಬದುಕಿದನು ಎಂದು. ಈ ಉಪದೇಶದಲ್ಲಿ ನಿಜವೆಷ್ಟು, ಆಸೆಯೆಷ್ಟು ಎಂಬುದನ್ನು ಶಾಂತಚಿತ್ತದಿಂದ ಪರಾಮರ್ಶಿಸುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಗೊಳಸಂಗಿಯ ಸುತ್ತಲಿನವರಿಗೆ ಈ ವಿಷಯವು ದೂರದ್ದೇನೂ ಅಲ್ಲ. ಅವರ ಹತ್ತಿರದ ಕೂಡಗಿಯಲ್ಲಿ ಕೇಂದ್ರ ಸರಕಾರದ ಎನ್‌ಟಿಪಿಸಿ ಸಂಸ್ಥೆಯ ಶಾಖೋತ್ಪನ್ನ ವಿದ್ಯುತ್ ಸ್ಥಾವರವು ನಿಂತಿದೆ. ತಲಾ 800 ಮೆಗಾವಾಟಿನ ಮೂರು ಘಟಕಗಳು, ಒಟ್ಟು 2,400 ಮೆಗಾವಾಟು. ಇದಕ್ಕೆ ನೆಲವನ್ನು ಕೊಟ್ಟವರು ಸುತ್ತಲಿನ ಹಳ್ಳಿಗರು. ನೀರನ್ನು ಕೊಟ್ಟವಳು ಕೃಷ್ಣೆ. 2014ರ ಜುಲೈಯಲ್ಲಿ ಅಲ್ಲಿಯ ರೈತರ ಪ್ರತಿಭಟನೆಯು ಗೋಲಿಬಾರಿನ ವರೆಗೆ ಹೋಯಿತೆಂಬುದನ್ನು ಜನರು ಮರೆತಿಲ್ಲ. ಘಟಕಗಳು ವಾಣಿಜ್ಯ ಉತ್ಪಾದನೆಗೆ ಬಂದುದು 2017 ಮತ್ತು 2018ರಲ್ಲಿ. ಇಷ್ಟು ದೊಡ್ಡ ಸ್ಥಾವರಕ್ಕೆ ಬೇಕಾದ ಕಲ್ಲಿದ್ದಲಿನ ಒಂದು ಹಿಡಿಯಾದರೂ ಈ ಜಿಲ್ಲೆಯ ಕರಿಮಣ್ಣಿನ ಕೆಳಗೆ ಸಿಗುವುದಿಲ್ಲ. ಎಲ್ಲವೂ ಪರಪ್ರಾಂತದ ಗಣಿಗಳಿಂದ ರೈಲಿನ ಮೇಲೆ ಬರತಕ್ಕದ್ದು. 2021ರ ಅಕ್ಟೋಬರದಲ್ಲಿ ದೇಶದ ಸ್ಥಾವರಗಳ ಅಂಗಳದಲ್ಲಿ ಕಲ್ಲಿದ್ದಲು ತೀರಿ ಬಂದಾಗ ನಗರಗಳು ಕತ್ತಲೆಯ ಭಯವನ್ನು ಕಂಡವು. ಮರುವರ್ಷ ರಶಿಯಾ ಯುಕ್ರೇನ್ ಯುದ್ಧದಿಂದ ಹೊರದೇಶದ ಕಲ್ಲಿದ್ದಲಿನ ಬೆಲೆಯು ಟನ್ನಿಗೆ 400 ಡಾಲರುಗಳನ್ನು ದಾಟಿತು. ಅದೇ ವೇಳೆಯಲ್ಲಿ ಆಮದಿನ ಕಲ್ಲಿದ್ದಲನ್ನು ನೂರಕ್ಕೆ ಹತ್ತರಂತೆ ಬೆರೆಸಿರೆಂದು ದಿಲ್ಲಿಯ ಸರಕಾರವು ಸ್ಥಾವರಗಳಿಗೆ ಸೂಚಿಸಬೇಕಾಯಿತು. ದೂರದ ರಣರಂಗಕ್ಕೂ ನಮ್ಮ ಮನೆಯ ದೀಪಕ್ಕೂ ಸಂಬಂಧವುಂಟೆಂಬುದು ಹೀಗೆ ಎಲ್ಲರಿಗೂ ಮನದಟ್ಟಾಯಿತು.

ಆದ್ದರಿಂದ ಜಗತ್ತಿನಲ್ಲಿ ಖನಿಜ ಮತ್ತು ಇಂಧನಗಳ ಪೂರೈಕೆಯ ಆತಂಕವು ಸುಳ್ಳೆಂದು ನಾವು ಹೇಳುವುದಿಲ್ಲ. 2010ರಲ್ಲಿ ಚೀನ ಜಪಾನುಗಳ ನಡುವೆ ದ್ವೀಪಗಳ ವಿವಾದವೆದ್ದಾಗ ಜಪಾನಿಗೆ ಹೋಗುವ ವಿರಳ ಮೃತ್ತಿಕಾ ಧಾತುಗಳು ನಿಂತುಹೋದವು. 2025ರ ಏಪ್ರಿಲದಲ್ಲಿ ಚೀನವು ಅಂಥ ಏಳು ಧಾತುಗಳ ಮೇಲೆಯೂ ಅವುಗಳಿಂದಾಗುವ ಅಯಸ್ಕಾಂತಗಳ ಮೇಲೆಯೂ ರಫ್ತಿನ ಪರವಾನಿಗೆಯ ಕಟ್ಟನ್ನು ಹಾಕಿದ ಕೂಡಲೇ ನಮ್ಮ ದೇಶದ ಮೋಟಾರು ಕಾರಖಾನೆಗಳು ತಳಮಳಿಸಿದವು. ಭಾರತ ಸರಕಾರವು 2023ರಲ್ಲಿ 30 ಖನಿಜಗಳನ್ನು ಅತ್ಯವಶ್ಯವೆಂದು ಪಟ್ಟಿ ಮಾಡಿತು. 2025ರ ಜನವರಿಯಲ್ಲಿ 16,300 ಕೋಟಿ ರೂಪಾಯಿಗಳ ವೆಚ್ಚದ ರಾಷ್ಟ್ರೀಯ ನಿರ್ಣಾಯಕ ಖನಿಜ ಅಭಿಯಾನಕ್ಕೆ ಮಂಜೂರಾತಿಯನ್ನಿತ್ತಿತು. ಇವೆಲ್ಲವೂ ಅವಶ್ಯವಾದ ಕಾರ್ಯಗಳೇ. ಪರರ ಬಾಗಿಲಲ್ಲಿ ನಿಂತು ಉಪ್ಪನ್ನು ಬೇಡುವ ರಾಷ್ಟ್ರವು ಸ್ವತಂತ್ರವೆನಿಸದೆಂಬುದನ್ನು ನಾವು ಸ್ವಾತಂತ್ರ್ಯ ಸಂಗ್ರಾಮದಲ್ಲಿಯೇ ಕಲಿತಿರುತ್ತೇವೆ.

ಆದರೆ ದೇಶಕ್ಕೆ ಖನಿಜದ ಅಭಾವವುಂಟೆಂಬ ಮಾತಿನಿಂದ, ಖನಿಜದ ಹೆಸರಿಟ್ಟುಕೊಂಡ ಕಂಪನಿಯ ಪಾಲುದಾರನಿಗೆ ಲಾಭವುಂಟೆಂಬ ಮಾತಿಗೆ ಹೋಗುವ ದಾರಿಯಲ್ಲಿ ಮೂರು ಹಳ್ಳಗಳಿವೆ. ಮೊದಲನೆಯದು, ನೆಲದೊಳಗೆ ಅದಿರು ನಿಜವಾಗಿ ಇದೆಯೇ ಎಂಬುದು. ಎರಡನೆಯದು, ಅದನ್ನು ಅಗೆದು ಹೊರತೆಗೆಯುವ ವರೆಗೆ ಕಂಪನಿಯ ಹಣವು ಬಾಳುವುದೇ ಎಂಬುದು. ಮೂರನೆಯದು, ಹೊರಗೆ ಬರುವ ದಿನ ಈಗಿನ ಬೆಲೆಯು ಉಳಿದಿರುವುದೇ ಎಂಬುದು. ಮೂರನ್ನೂ ದಾಟಿದವರು ವಿರಳರು.

ಹೊರನಾಡುಗಳ ಉದಾಹರಣೆಗಳನ್ನೇ ಮೊದಲು ನೋಡೋಣ. 1969ರಲ್ಲಿ ವಿಯೆಟ್ನಾಮಿನ ಯುದ್ಧದಿಂದಲೂ ಕೆನಡಾದ ಗಣಿಗಳಲ್ಲಿಯ ಮುಷ್ಕರದಿಂದಲೂ ನಿಕ್ಕಲ್ ಲೋಹವು ದುರ್ಲಭವಾಯಿತು. ಆಗ ಆಸ್ಟ್ರೇಲಿಯದ ಪಾಸೈಡನ್ ಎಂಬ ಚಿಕ್ಕ ಕಂಪನಿಯು ತನಗೆ ನಿಕ್ಕಲ್ ಸಿಕ್ಕಿತೆಂದು ಸಾರಿತು. ಒಂದು ಡಾಲರಿಗೂ ಕಡಿಮೆಯಿದ್ದ ಪಾಲು 1970ರ ಫೆಬ್ರುವರಿಯಲ್ಲಿ 280 ಡಾಲರಿಗೆ ಏರಿತು. ಅದಿರು ಇದ್ದದ್ದು ನಿಜ. ಆದರೆ ಗಣಿಯು ಕೆಲಸಕ್ಕೆ ಬಂದುದು 1974ರಲ್ಲಿ, ಆ ಹೊತ್ತಿಗೆ ಅಭಾವವೂ ಹೋಗಿತ್ತು, ಬೆಲೆಯೂ ಬಿದ್ದಿತ್ತು. 1976ರಲ್ಲಿ ಕಂಪನಿಯು ಸಾಲಗಾರರ ವಶವಾಯಿತು. 2010ರ ವಿರಳ ಮೃತ್ತಿಕೆಗಳ ಭಯದಲ್ಲಿ ಅಮೇರಿಕದ ಮೋಲಿಕಾರ್ಪ್ ಕಂಪನಿಯು 14 ಡಾಲರಿನಂತೆ ಪಾಲುಗಳನ್ನು ಮಾರಿತು, ಮರುವರ್ಷ ಪಾಲು 70 ಡಾಲರನ್ನು ಮೀರಿತು, 2015ರಲ್ಲಿ ದಿವಾಳಿಯೆದ್ದಿತು. ಅದೇ ಭಯದ ಕಾಲದಲ್ಲಿ ಆಸ್ಟ್ರೇಲಿಯದ ಲೈನಾಸ್ ಕಂಪನಿಯು ಮಾತ್ರ ಬದುಕಿ ಉಳಿಯಿತು, ಯಾಕೆಂದರೆ ಜಪಾನು ದೇಶವು ತನ್ನ ಸರಕಾರಿ ಸಂಸ್ಥೆಯ ಮೂಲಕ ಅದಕ್ಕೆ ಹಣವನ್ನು ಕೊಟ್ಟು ಮಾಲನ್ನು ಕೊಳ್ಳುವ ಕರಾರನ್ನು ಮಾಡಿಕೊಂಡಿತು. ಮೋಲಿಕಾರ್ಪಿನ ಗಣಿಯನ್ನು ಅನಂತರ ನಡೆಯಿಸಹತ್ತಿದ ಕಂಪನಿಗೆ 2025ರ ಜುಲೈಯಲ್ಲಿ ಅಮೇರಿಕದ ರಕ್ಷಣಾ ಖಾತೆಯು ಕನಿಷ್ಠ ಬೆಲೆಯ ಭರವಸೆಯನ್ನೇ ಕೊಟ್ಟಿತು. ಇಲ್ಲಿಯ ಪಾಠವೇನು? ಅಭಾವದ ಸುದ್ದಿಯಿಂದ ಗಣಿಯು ಬದುಕುವುದಿಲ್ಲ. ಬೆಲೆ ಬಿದ್ದ ದಿನವೂ ಕೊಳ್ಳುವೆನೆಂದು ಸಹಿ ಹಾಕಿದ ಗಿರಾಕಿಯಿಂದ ಬದುಕುತ್ತದೆ. ಲಿಥಿಯಂ ಲೋಹವನ್ನು ನೋಡಿರಿ. ವಿದ್ಯುತ್ ವಾಹನಗಳು ವರ್ಷ ವರ್ಷಕ್ಕೆ ಹೆಚ್ಚುತ್ತಲೇ ಹೋದರೂ 2022ರ ಕೊನೆಯಲ್ಲಿದ್ದ ಬೆಲೆಯು ಎರಡೇ ವರ್ಷಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಕುಸಿಯಿತು. ಬೆಲೆಯು ಏರಿದಾಗ ಜಗತ್ತೆಲ್ಲ ಅಗೆಯುತ್ತದೆ. ಎಲ್ಲರೂ ಅಗೆದದ್ದು ಒಮ್ಮೆಗೇ ಪೇಟೆಗೆ ಬರುತ್ತದೆ. ಉಳ್ಳಾಗಡ್ಡಿಯ ಬೆಲೆಯನ್ನು ಬಲ್ಲ ನಮ್ಮ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಮ್ಮ ನೆಲದ ಇತಿಹಾಸ. 1880ರ ಸುಮಾರಿಗೆ ವಯನಾಡಿನಲ್ಲಿ ಚಿನ್ನವುಂಟೆಂದು ತಜ್ಞನೊಬ್ಬನ ವರದಿಯು ಹೊರಬಿದ್ದುದೇ ತಡ, ಲಂಡನ್ನಿನಲ್ಲಿ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಎದ್ದವು. ಕೆಲವೇ ವರ್ಷಗಳಲ್ಲಿ ಎಲ್ಲವೂ ನೆಲಕಚ್ಚಿದವು. ಅದೇ ಕಾಲದಲ್ಲಿ ಕೋಲಾರದಲ್ಲಿಯೂ ಅನೇಕ ಕಂಪನಿಗಳು ಹಣವನ್ನು ಸುರಿದವು. ಮೈಸೂರು ಗಣಿಯ ಪಾಲುದಾರರು 1883ರಲ್ಲಿ ಕಂಪನಿಯನ್ನು ಮುಚ್ಚಬೇಕೋ ಉಳಿದ ಅಲ್ಪ ಹಣವನ್ನೂ ಅಗೆತಕ್ಕೆ ಹಾಕಬೇಕೋ ಎಂದು ಚರ್ಚಿಸುವ ಸ್ಥಿತಿಗೆ ಬಂದಿದ್ದರು; ಆಮೇಲೆ ಕ್ಯಾಪ್ಟನ್ ಪ್ಲಮರನಿಗೆ ಹಿರಿಯ ಸಿರೆಯು ಸಿಕ್ಕಿತು. ಆ ಗಣಿಗಳಿಂದ 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನವು ಹೊರಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಹರಿಯಿತು. ಕೊನೆಗೆ 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದವು. ಗೆದ್ದ ಕೋಲಾರದ ಕಥೆಯನ್ನು ಹೇಳುವವರು ಬಹುಜನರು. ಸೋತ ವಯನಾಡಿನ ಕಥೆಯನ್ನೂ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಗದಗಿನ ಕಪ್ಪತಗುಡ್ಡದಲ್ಲಿ ಅಗೆದು ಕೈಬಿಟ್ಟು ಹೋದ ಚಿನ್ನದ ಕಂಪನಿಗಳ ಕಥೆಯನ್ನೂ ಹೇಳುವವರು ಯಾರೂ ಇಲ್ಲ. ದಲ್ಲಾಳಿಯ ಬಾಯಲ್ಲಿ ಯಾವಾಗಲೂ ಕೋಲಾರವೇ ಇರುತ್ತದೆ.

ನಮ್ಮ ಕಾಲದ ನಿದರ್ಶನಗಳಿಗೂ ಕೊರತೆಯಿಲ್ಲ. 2020ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯಲ್ಲಿ 14,100 ಟನ್ ಲಿಥಿಯಂ ದೊರೆಯಿತೆಂದು ಪತ್ರಿಕೆಗಳಲ್ಲಿ ಡಂಗುರವಾಯಿತು; ಪರಮಾಣು ಖನಿಜಗಳ ನಿರ್ದೇಶನಾಲಯವು ಮರ್ಲಗಲ್ಲದಲ್ಲಿ ಅಂದಾಜಿನಿಂದ ಗುರುತಿಸಿದ್ದು 1,600 ಟನ್ ಮಾತ್ರವೆಂದು ಆಮೇಲೆ ಸರಕಾರವೇ ತಿಳಿಸಿತು. 2023ರಲ್ಲಿ ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಎಂಬ ವಾರ್ತೆಯು ಬಂದಾಗ ದೇಶವೇ ಹಿಗ್ಗಿತು. ಆ ನಿಕ್ಷೇಪವನ್ನು ಲಿಲಾವಿಗಿಟ್ಟಾಗ ಸಾಕಷ್ಟು ಮಂದಿ ಕೂಗದೆ 2024ರಲ್ಲಿ ಲಿಲಾವೇ ರದ್ದಾಯಿತು. ಗಣಿಯ ಮರ್ಮವನ್ನು ಬಲ್ಲ ದೊಡ್ಡ ಸಾಹುಕಾರರು ಮುಂದೆ ಬಾರದ ಕಡೆಗೆ ನಮ್ಮ ಮಾಸ್ತರನೂ ಕಾರಕೂನನೂ ಏಕೆ ಮುನ್ನುಗ್ಗಬೇಕು? ಭೂಗರ್ಭ ಶೋಧನೆಗೆ ನಾಲ್ಕು ಮೆಟ್ಟಿಲುಗಳಿವೆ. ಜಿ-4 ಎಂದರೆ ಬರಿಯ ಸುತ್ತಾಟದ ಸಮೀಕ್ಷೆ. ಜಿ-3 ಎಂದರೆ ಪ್ರಾಥಮಿಕ ಅಂದಾಜು. ಜಿ-2 ಸಾಮಾನ್ಯ ಶೋಧನೆ. ಜಿ-1 ಎಂದರೆ ಹತ್ತಿರ ಹತ್ತಿರ ಕೊರೆದು ನೋಡಿದ ಸವಿಸ್ತರ ಶೋಧನೆ. ಜಿ-4ರ ಮೇಲೆ ನಿಂತವನು ಜಿ-1ರ ಮಾತನ್ನಾಡುವುದು, ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತೆ.

ಅದಿರು ಇದ್ದರೂ ಸಾಲದು, ಅಪ್ಪಣೆಯೂ ಬೇಕು. ಹಾವೇರಿಯ ಗಣಜೂರಿನ ಚಿನ್ನದ ಗುತ್ತಿಗೆಯ ಕಾಗದಗಳು ದಶಕಕ್ಕೂ ಹೆಚ್ಚು ಕಾಲ ಕಚೇರಿಯಿಂದ ಕಚೇರಿಗೆ ತಿರುಗಿದವು. ಕಂಪನಿಯ ಪಾಲುದಾರರು ಕಾಯುತ್ತ ಕುಳಿತರು. ಬಳ್ಳಾರಿಯ ಅದಿರಿಗೆ ಚೀನದ ಬೇಡಿಕೆಯು ಬಂದಾಗ ಗುಡ್ಡಗಳೇ ಕರಗಿದವು. ಅಕ್ರಮದ ಮೇಲೆ ಲೋಕಾಯುಕ್ತರ ವರದಿಯು ಬಂದ ಎರಡೇ ದಿನಗಳಲ್ಲಿ, 2011ರ ಜುಲೈ 29ರಂದು, ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆಯನ್ನೇ ತಡೆಯಿತು. ತಪ್ಪು ಮಾಡಿದ ಗಣಿಯೂ ಮಾಡದ ಗಣಿಯೂ ಒಟ್ಟಿಗೆ ಬಾಗಿಲು ಹಾಕಿದವು. ನ್ಯಾಯಾಲಯವು ಮಾಡಿದುದು ಸರಿಯೇ. ಆದರೆ ದೂರದಲ್ಲಿದ್ದ ಚಿಕ್ಕ ಪಾಲುದಾರನಿಗೆ ತನ್ನ ಕಂಪನಿಯು ಯಾವ ಗುಂಪಿನದೆಂಬುದು ತಿಳಿಯುವ ಮಾರ್ಗವೆಲ್ಲಿತ್ತು?

ವಿದ್ಯುತ್ ಕಂಪನಿಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ. 2008ರ ಜನವರಿಯಲ್ಲಿ ರಿಲಾಯನ್ಸ್ ಪವರ್ ಕಂಪನಿಯು ಜನರಿಂದ ಸುಮಾರು 11,500 ಕೋಟಿ ರೂಪಾಯಿಗಳನ್ನು ಎತ್ತಿತು. ಅದರ ಸ್ಥಾವರಗಳು ಆಗಿನ್ನೂ ಬಹುತೇಕ ಕಾಗದದ ಮೇಲೆಯೇ ಇದ್ದವು. ಆದರೂ ಬೇಡಿಕೆಯು ಎಪ್ಪತ್ತು ಪಟ್ಟು ಮೀರಿತು. ಪೇಟೆಗೆ ಬಂದ ಮೊದಲ ದಿನವೇ ಪಾಲು ಮಾರಿದ ಬೆಲೆಗಿಂತ ಕೆಳಗೆ ಇಳಿಯಿತು. ಗಾಳಿಯಂತ್ರಗಳ ಸುಜ್ಲಾನ್ ಕಂಪನಿಯಾದರೋ ನಿಜವಾದ ಕಾರಖಾನೆಗಳುಳ್ಳದ್ದು. ಪಡುಬಿದ್ರಿಯಲ್ಲಿ ಅದರ ರೆಕ್ಕೆಗಳ ಕಾರಖಾನೆಯು ತಲೆಯೆತ್ತಿತು. 2008ರ ಆರಂಭದಲ್ಲಿ 400 ರೂಪಾಯಿಗಳ ಮೇಲಿದ್ದ ಅದರ ಪಾಲು, ಸಾಲದ ಭಾರದಿಂದ 2020ರ ಮಾರ್ಚದಲ್ಲಿ ಎರಡು ರೂಪಾಯಿಗಳ ಆಸುಪಾಸಿಗೆ ಬಂದಿತು. ಆಮೇಲೆ ಅದು ಚೇತರಿಸಿಕೊಂಡದ್ದುಂಟು. ಆದರೆ ಮಗಳ ಮದುವೆಗೆಂದು ಇಟ್ಟ ಹಣವು ಹನ್ನೆರಡು ವರ್ಷ ಕಾಯುವುದಿಲ್ಲ.

ಇಲ್ಲಿ ದೇಶಾಭಿಮಾನಿಗಳಾದ ಕೆಲವರು ನಮ್ಮನ್ನು ಆಕ್ಷೇಪಿಸಬಹುದು. "ಎಲ್ಲರೂ ಹೀಗೆ ಹಿಂಜರಿದರೆ ಸ್ವದೇಶಿ ಗಣಿಗಳಿಗೆ ಬಂಡವಲು ಎಲ್ಲಿಂದ ಬರಬೇಕು? ಮುಂಬಯಿಯ ಗುಜರಾತಿ ವ್ಯಾಪಾರಸ್ಥರು ಧೈರ್ಯದಿಂದ ಗಳಿಸುತ್ತಿರಲು ಕನ್ನಡಿಗನು ಬ್ಯಾಂಕಿನ ಬಡ್ಡಿಯನ್ನೇ ಎಣಿಸುತ್ತ ಕೂಡಬೇಕೇ?" ಎಂದು ಅವರು ಕೇಳುವರು. ಪ್ರಶ್ನೆಯು ಉಚಿತವಾದದ್ದೇ. ಇದಕ್ಕೆ ಉತ್ತರವು ಸ್ವದೇಶಿ ಚಳವಳಿಯ ಇತಿಹಾಸದಲ್ಲಿಯೇ ಇದೆ. 1906ರಲ್ಲಿ ಚಿದಂಬರಂ ಪಿಳ್ಳೆಯವರು ತೂತ್ತುಕುಡಿಯಲ್ಲಿ ಸ್ವದೇಶಿ ಹಡಗು ಕಂಪನಿಯನ್ನು ಸ್ಥಾಪಿಸಿದಾಗ ಜನರು ಭಕ್ತಿಯಿಂದ ಪಾಲುಗಳನ್ನು ಕೊಂಡರು. ಪರಕೀಯ ಸರಕಾರವು 1908ರಲ್ಲಿ ಆ ಮಹಾಪುರುಷನನ್ನು ಸೆರೆಗೆ ಹಾಕಿತು. 1911ರಲ್ಲಿ ಕಂಪನಿಯು ಮುಳುಗಿತು. ಆ ಹಣವು ಹೋದರೂ ವ್ಯರ್ಥವಾಗಲಿಲ್ಲ, ಯಾಕೆಂದರೆ ಕೊಟ್ಟವರು ಅದನ್ನು ರಾಷ್ಟ್ರಕಾರ್ಯಕ್ಕೆ ಕಾಣಿಕೆಯೆಂದೇ ತಿಳಿದು ಕೊಟ್ಟಿದ್ದರು. 1907ರಲ್ಲಿ ತಾತಾ ಮನೆತನದವರು ಕಬ್ಬಿಣದ ಕಂಪನಿಗೆ ಪಾಲು ಮಾರಲು ನಿಂತಾಗ, ಸುಮಾರು 8,000 ಭಾರತೀಯರು ಮೂರು ವಾರಗಳಲ್ಲಿ 16 ಲಕ್ಷ 30 ಸಾವಿರ ಪೌಂಡುಗಳ ಬಂಡವಲನ್ನು ಸುರಿದರು. ಆದರೆ ಅದಕ್ಕಿಂತ ಮುಂಚೆ ಏನೇನು ನಡೆದಿತ್ತೆಂಬುದನ್ನು ಗಮನಿಸಬೇಕು. ಭೂಗರ್ಭಶಾಸ್ತ್ರಜ್ಞ ಪ್ರಮಥನಾಥ ಬೋಸರು 1904ರಲ್ಲಿ ಗೋರುಮಹಿಸಾಣಿಯ ಅದಿರಿನ ವಿಷಯವಾಗಿ ತಾತಾ ಅವರಿಗೆ ಬರೆದಿದ್ದರು. ಪೆರಿನ್, ವೆಲ್ಡ್ ಎಂಬ ಅಮೇರಿಕನ್ ತಜ್ಞರು ಕಾಡುಮೇಡುಗಳನ್ನು ಅಲೆದು ಪರೀಕ್ಷಿಸಿದ್ದರು. ಈ ಶೋಧನೆಯ ವೆಚ್ಚವೆಲ್ಲ ತಾತಾ ಮನೆತನದ ತಲೆಯ ಮೇಲೆಯೇ ಬಿದ್ದಿತ್ತು. ಅದಿರು ಸಿಕ್ಕ ಮೇಲೆ ಅವರು ಜನರನ್ನು ಕರೆದರು. ಜನರ ಹಣದಿಂದ ಅದಿರನ್ನು ಹುಡುಕಲು ಹೊರಡಲಿಲ್ಲ. ಭದ್ರಾವತಿಯಲ್ಲಿ ವಿಶ್ವೇಶ್ವರಯ್ಯನವರ ಆಗ್ರಹದಿಂದ 1923ರಲ್ಲಿ ಆರಂಭವಾದ ಕಬ್ಬಿಣದ ಕಾರಖಾನೆಯ ಗಂಡಾಂತರವನ್ನೂ ಮೈಸೂರು ಸಂಸ್ಥಾನವೇ ಹೊತ್ತಿತು. ಇದೇ ಸ್ವದೇಶಿಯ ಸರಿಯಾದ ಕ್ರಮವು: ಹುಡುಕಾಟದ ನಷ್ಟವನ್ನು ತಾಳಬಲ್ಲವರು ಹೊರಲಿ, ಉತ್ಪಾದನೆಯ ಲಾಭದಲ್ಲಿ ಬಡವನಿಗೂ ಪಾಲಿರಲಿ. ಈಗ ನಡೆಯುತ್ತಿರುವುದಾದರೋ ತಿರುಗುಮುರುಗು.

ಆದಕಾರಣ ಇಂಥ ಪಾಲುಗಳನ್ನು ಕೊಳ್ಳಲೇಬೇಕೆನ್ನುವ ನಮ್ಮ ವಾಚಕರು ಐದು ಪ್ರಶ್ನೆಗಳನ್ನು ಕೇಳಿ ಮುಂದುವರಿಯಲಿ. ಕಂಪನಿಯು ಈಗಾಗಲೇ ಮಾಲನ್ನು ಮಾರುತ್ತಿದೆಯೋ, ಅಥವಾ ಹುಡುಕುತ್ತಿದೆಯೋ? ಗಣಿ ಗುತ್ತಿಗೆ, ಅರಣ್ಯ ಮತ್ತು ಪರಿಸರದ ಅನುಮತಿಗಳು ಕೈಯಲ್ಲಿವೆಯೋ, ಅರ್ಜಿಯಲ್ಲಿವೆಯೋ? ಉದಾಹರಣೆಗೆ, ಕಡಲತೀರದ ಮಾನಜೈಟ್ ಮರಳು ಪರಮಾಣು ಖನಿಜವಾದುದರಿಂದ ಅದು ಸರಕಾರಿ ಸಂಸ್ಥೆಗಳಿಗೇ ಮೀಸಲು. ಅದನ್ನು ಅಗೆಯುವೆನೆನ್ನುವ ಖಾಸಗಿ ಕಂಪನಿಯ ಮಾತನ್ನು ಅಲ್ಲಿಗೇ ಬಿಡತಕ್ಕದ್ದು. ಮೂರನೆಯದು, ಮಾಲನ್ನು ಕೊಳ್ಳುವ ಕರಾರಿಗೆ ಸಹಿ ಹಾಕಿದವರು ಯಾರು, ಎಷ್ಟು ವರ್ಷಗಳಿಗೆ? ನಾಲ್ಕನೆಯದು, ಸಾಲವೆಷ್ಟು, ಸ್ಥಾಪಕರು ತಮ್ಮ ಪಾಲುಗಳನ್ನು ಒತ್ತೆಯಿಟ್ಟಿರುವರೋ? ಐದನೆಯದು, ಬೇಕೆಂದ ದಿನ ಈ ಪಾಲನ್ನು ಕೊಳ್ಳುವವರು ಪೇಟೆಯಲ್ಲಿ ಇದ್ದಾರೆಯೇ? 2012ರಲ್ಲಿ ಚಿಕ್ಕ ಕಂಪನಿಗಳಿಗಾಗಿ ತೆರೆದ ಪ್ರತ್ಯೇಕ ಪೇಟೆಗಳಲ್ಲಿ ಕೃತ್ರಿಮ ವ್ಯವಹಾರದ ಲಕ್ಷಣಗಳು ಕಾಣುತ್ತಿವೆಯೆಂದು ಸೆಬಿಯ ಅಧ್ಯಕ್ಷರೇ 2024ರಲ್ಲಿ ಎಚ್ಚರಿಸಿದರು. ಅನಂತರ ನಿಯಮಗಳೂ ಬಿಗಿಯಾದವು. ಏರುವಾಗ ನೂರು ಕೈಗಳು ಕೊಳ್ಳುವ ಪಾಲಿಗೆ ಇಳಿಯುವಾಗ ಒಂದು ಕೈಯೂ ಸಿಗದ ಸಂಭವವುಂಟು.

ಸರಕಾರಕ್ಕೂ ಅಧಿಕಾರಿ ವರ್ಗಕ್ಕೂ ನಮ್ಮ ಬಿನ್ನಹಗಳು ಮೂರು. ಪಾಲು ಮಾರುವ ಕಂಪನಿಯು ತನ್ನ ನೋಂದಾಯಿತ ಕಚೇರಿಯಿರುವ ಪ್ರಾಂತದ ಭಾಷೆಯಲ್ಲಿ ಒಂದು ಜಾಹೀರಾತನ್ನು ಕೊಟ್ಟರೆ ಸಾಕು. ಗಂಡಾಂತರಗಳನ್ನೆಲ್ಲ ವಿವರಿಸುವ ನೂರಾರು ಪುಟಗಳ ವಿವರಪತ್ರವು ಇಂಗ್ಲಿಷಿನಲ್ಲಿರುತ್ತದೆ. ಆಸೆಯನ್ನು ಕನ್ನಡದಲ್ಲಿ ಹೇಳಿ, ಅಪಾಯವನ್ನು ಇಂಗ್ಲಿಷಿನಲ್ಲಿ ಹೇಳುವುದು ನ್ಯಾಯವಲ್ಲ. ಕರ್ನಾಟಕದಲ್ಲಿ ಹಣವೆತ್ತುವ ಪ್ರತಿಯೊಂದು ಗಣಿ ಮತ್ತು ವಿದ್ಯುತ್ ಕಂಪನಿಯೂ ಅಪಾಯಗಳ ಅಧ್ಯಾಯವನ್ನಾದರೂ ಪೂರ್ಣವಾಗಿ ಕನ್ನಡದಲ್ಲಿ ಅಚ್ಚು ಹಾಕಿಸತಕ್ಕದ್ದು. ಎರಡನೆಯದಾಗಿ, ನಿಕ್ಷೇಪದ ಸುದ್ದಿಯನ್ನು ಸಾರುವಾಗ ಶೋಧನೆಯು ಯಾವ ಮೆಟ್ಟಿಲಿನದೆಂಬುದನ್ನೂ, ಪ್ರಮಾಣೀಕರಿಸಿದ ತಜ್ಞನ ಹೆಸರನ್ನೂ ಮೊದಲ ಸಾಲಿನಲ್ಲಿಯೇ ಹೇಳಬೇಕೆಂಬ ಕಟ್ಟಳೆಯಿರಲಿ. ಪಾಸೈಡನ್ನಿನಿಂದ ಸುಟ್ಟುಕೊಂಡ ಆಸ್ಟ್ರೇಲಿಯವೂ, 1997ರಲ್ಲಿ ಬೋರ್ನಿಯೋದ ಸುಳ್ಳು ಚಿನ್ನದ ಬ್ರೀ-ಎಕ್ಸ್ ಕಂಪನಿಯಿಂದ ಮೋಸಹೋದ ಕೆನಡಾವೂ ಇಂಥ ಕಟ್ಟಳೆಗಳನ್ನು ಮಾಡಿಕೊಂಡಿವೆ; ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕುವ ಗತಿಯು ನಮಗೆ ಬರಬಾರದು. ಮೂರನೆಯದಾಗಿ, ಪರಿಹಾರದ ಹಣವನ್ನು ಹಂಚುವ ಕಚೇರಿಯಲ್ಲಿಯೇ ಜಿಲ್ಲಾಡಳಿತವು ಬ್ಯಾಂಕಿನ ಅನುಭವಿಗಳನ್ನು ಕೂಡ್ರಿಸಿ, ಯಾವ ಕಂಪನಿಯ ದಲ್ಲಾಳಿತನವೂ ಇಲ್ಲದ ತಿಳಿವಳಿಕೆಯನ್ನು ರೈತನಿಗೆ ಅವನ ಮಾತಿನಲ್ಲಿಯೇ ಕೊಡಿಸಲಿ. ಹೊಲವನ್ನು ಕೊಂಡ ಸರಕಾರಕ್ಕೆ ಇಷ್ಟು ಋಣವು ಇದ್ದೇ ಇದೆ. ಶೋಧನೆಯ ಭಾರವನ್ನಂತೂ ರಾಷ್ಟ್ರವೇ ಹೊರಲಿ. ನಿರ್ಣಾಯಕ ಖನಿಜ ಅಭಿಯಾನದಲ್ಲಿ 2031ರ ವರೆಗೆ 1,200 ಶೋಧನಾ ಕಾರ್ಯಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಒಪ್ಪಿಸಿರುವುದು ಈ ದೃಷ್ಟಿಯಿಂದ ಅಭಿನಂದನೀಯವು.

ಹಾಗಾದರೆ ರೈತನು ಏನು ಮಾಡಬೇಕು? ಹೋದ ಹೊಲಕ್ಕೆ ಬದಲು ಹೊಲವನ್ನು ಕೊಳ್ಳುವುದು, ಸಾಲ ತೀರಿಸುವುದು, ಮಕ್ಕಳ ವಿದ್ಯೆಗೆ ಎತ್ತಿಡುವುದು ಮೊದಲಿನವು. ಶಕ್ತಿಯಲ್ಲಿಯೇ ಹಣ ಹಾಕಬೇಕೆನ್ನುವವನಿಗೆ ಅವನ ಮನೆಯ ಮಾಳಿಗೆಯೇ ಇದೆ. 2024ರಲ್ಲಿ ಆರಂಭವಾದ ಸೂರ್ಯಘರ ಯೋಜನೆಯು ಮೂರು ಕಿಲೋವಾಟಿನ ಸೌರಫಲಕಗಳಿಗೆ 78,000 ರೂಪಾಯಿಗಳ ಸಹಾಯಧನವನ್ನು ಗೊತ್ತುಪಡಿಸಿತು. ವಿಜಾಪುರದ ಬಿಸಿಲಿಗೆ ಯಾವ ಪರದೇಶವೂ ರಫ್ತು ನಿರ್ಬಂಧವನ್ನು ಹಾಕಲಾರದು. ಒಣದ್ರಾಕ್ಷಿಗೆ ಶೀತಲಗೃಹವನ್ನು ಕಟ್ಟುವ ಸಹಕಾರಿ ಸಂಘಗಳಿಗೂ ಬಂಡವಲಿನ ಅವಶ್ಯಕತೆಯುಂಟು. ಇಷ್ಟೆಲ್ಲ ಆದ ಮೇಲೆ, ಹೋದರೂ ಮನೆಯ ಒಲೆಯು ಆರದಷ್ಟು ಹಣವು ಉಳಿದರೆ, ಅದರಲ್ಲಿ ಕೆಲವನ್ನು ದೇಶದ ಗಣಿಗಳಿಗೆ ಕೊಡಲು ನಮ್ಮ ಅಡ್ಡಿಯಿಲ್ಲ. ಪಾಲುಗಳನ್ನು ಎಂದೂ ಮುಟ್ಟಬಾರದೆಂಬ ಮೂಢತೆಯನ್ನು ನಾವು ಬೋಧಿಸುವುದಿಲ್ಲ.

ಬಸವನಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ಪರರ ಹಣದ ಲೆಕ್ಕವನ್ನು ಶುದ್ಧವಾಗಿಡುವುದನ್ನೂ, ಕಾಯಕದಿಂದ ಬಂದುದನ್ನೇ ತನ್ನದೆನ್ನುವುದನ್ನೂ ಕಲಿಸಿದ ನೆಲವಿದು. ಈ ನೆಲದ ಹಲವು ಎಕರೆಗಳು ನಾಡಿನ ಬೆಳಕಿಗಾಗಿ ಹೋದವು, ಇನ್ನು ಹಲವು ನಾಡಿನ ನೀರಿಗಾಗಿ ಹೋಗಲಿವೆ. ಅವುಗಳಿಗೆ ಬದಲಾಗಿ ಬಂದ ಹಣವು ದೂರದ ಯಾವುದೋ ಕಾಗದದ ಗಣಿಯಲ್ಲಿ ಎರಡನೆಯ ಸಲ ಮುಳುಗಡೆಯಾಗದಂತೆ ನೋಡಿಕೊಳ್ಳುವ ಹೊಣೆಯು ರೈತನದು ಎಷ್ಟೋ, ಅಕ್ಷರ ಬಲ್ಲ ನಗರವಾಸಿಗಳದೂ ಅಧಿಕಾರದಲ್ಲಿರುವವರದೂ ಅಷ್ಟೇ ಆಗಿರುತ್ತದೆ.